ಶ್ರೆಡ್ಡರ್ ಬ್ಲೇಡನ್ನು ಉಳಿಯ ಹಾಗೆ ಮಸೆಯಿರಿ

ಪ್ರಶ್ನೆ: ಸರ್, ನಮ್ಮದು ಗುಬ್ಬಿ ತಾಲ್ಲೂಕು. ಎರಡು ಎಕರೆ ತೆಂಗು, ಮಧ್ಯೆ ಅಡಿಕೆ, ಬಾಳೆ ಇದೆ. ಗರಿ ಸುಡೋದು ಬೇಡ, ಚೂರು ಮಾಡಿ ಮರದ ಬುಡಕ್ಕೇ ಹಾಕೋಣ ಅಂತ ಎರಡು ವರ್ಷದ ಹಿಂದೆ ಸಿಂಗಲ್ ಫೇಸ್ ಮೋಟರಿನ ಸಣ್ಣ ಶ್ರೆಡ್ಡರ್ ತಂದೆವು. ಡಿಸ್ಕಿನ ಮೇಲೆ ಎರಡು ಬ್ಲೇಡ್ ಇವೆ. ಮೊಂಡಾದವು ಅಂತ ಒಂದು ವರ್ಕ್‌ಶಾಪಿನಲ್ಲಿ ಸಾಣೆ ಹಿಡಿಸಿದೆವು. ತಂದ ದಿನ ತುಂಬಾ ಚೂಪಾಗಿತ್ತು. ಮೂರನೇ ದಿನಕ್ಕೆ ಮತ್ತೆ ಮೊಂಡು. ಅಂಚು ನೀಲಿ ಬಣ್ಣಕ್ಕೆ ತಿರುಗಿದೆ. ಮೆಷಿನ್ ಈಗ ಅದುರುತ್ತದೆ ಬೇರೆ. ಮನೆಯಲ್ಲೇ ಮಸೆಯಬಹುದಾ? ಹೇಗೆ?

ಉತ್ತರ: ಖಂಡಿತ ಮಸೆಯಬಹುದು. ಅದಕ್ಕೆ ಮೊದಲು ಆ ನೀಲಿ ಬಣ್ಣದ ವಿಷಯ ಹೇಳಿಬಿಡುತ್ತೇನೆ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಇದೆ.

ಬ್ಲೇಡಿನ ಉಕ್ಕಿಗೆ ಕಾರ್ಖಾನೆಯಲ್ಲಿ ಒಂದು ಹದ ಕೊಟ್ಟಿರುತ್ತಾರೆ. ಆ ಹದ ಇರುವವರೆಗೆ ಅಲಗಿನ ಬಾಯಿ ನಿಲ್ಲುತ್ತದೆ. ಗ್ರೈಂಡರಿಗೆ ಒತ್ತಿ ಹಿಡಿದಾಗ ಉಕ್ಕು ಬಿಸಿಯಾಗಿ ಬಣ್ಣ ತಿರುಗುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಳಿ ಹಳದಿ, ಆಮೇಲೆ ಕಂದು, 300 ಡಿಗ್ರಿ ಹತ್ತಿರ ಬಂದಾಗ ನೀಲಿ. ಕುಲುಮೆಯವರು ಹದ ಹಾಕುತ್ತಿದ್ದದ್ದು ಇದೇ ಬಣ್ಣಗಳನ್ನು ನೋಡಿಕೊಂಡು. ನೀಲಿ ಬಂತೆಂದರೆ ಅಷ್ಟು ಜಾಗದ ಉಕ್ಕು ಮೆತ್ತಗಾಗಿದೆ ಎಂದರ್ಥ. ಮೆತ್ತಗಾದ ಉಕ್ಕನ್ನೂ ಚೂಪು ಮಾಡಬಹುದು. ಆದರೆ ಆ ಚೂಪು ನಿಲ್ಲುವುದಿಲ್ಲ. ನಿಮ್ಮ ಬ್ಲೇಡ್ ಮೂರನೇ ದಿನಕ್ಕೆ ಮೊಂಡಾದದ್ದು ಅದಕ್ಕೇ. ಅಲಗಿನ ತುದಿ ತೆಳ್ಳಗಿರುತ್ತದಲ್ಲ, ಬಿಸಿ ಹರಡಿಕೊಳ್ಳಲು ಜಾಗವೇ ಇಲ್ಲ. ಎರಡು ಮೂರು ಸೆಕೆಂಡು ಸಾಕು, ಸುಟ್ಟುಹೋಗುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನೂ ಒಂದು ಜೊತೆ ಬ್ಲೇಡನ್ನು ಹೀಗೇ ಸುಟ್ಟಿದ್ದೇನೆ. ಅದರ ಯಜಮಾನರು ಒಂದು ವಾರಕ್ಕೆ ವಾಪಸ್ ತಂದಾಗಲೇ ನನಗೆ ಅದು ಗೊತ್ತಾದದ್ದು.

ಅದುರುವುದಕ್ಕೂ ಕಾರಣ ಅದೇ ಸಾಣೆ ಇರಬಹುದು. ಒಂದು ಬ್ಲೇಡನ್ನು ಜಾಸ್ತಿ ಸವೆಸಿ ಇನ್ನೊಂದನ್ನು ಕಡಿಮೆ ಸವೆಸಿದರೆ ಡಿಸ್ಕ್ ಒಂದು ಕಡೆಗೆ ಭಾರವಾಗುತ್ತದೆ. ಲೆಕ್ಕ ಹಾಕಿ ನೋಡಿ. ನಿಮ್ಮಂಥ ಮೋಟರುಗಳು ಸಾಮಾನ್ಯವಾಗಿ ನಿಮಿಷಕ್ಕೆ 2800 ಸುತ್ತಿನ ಆಸುಪಾಸು ತಿರುಗುತ್ತವೆ. ಡಿಸ್ಕ್ ನೇರವಾಗಿ ಮೋಟರಿಗೇ ಕೂತಿದ್ದರೆ ಅದರದ್ದೂ ಅದೇ ವೇಗ. ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಬರೀ 5 ಗ್ರಾಂ ವ್ಯತ್ಯಾಸವಿದ್ದರೂ, 4 ಕಿಲೋ ತೂಕ ನೇತುಹಾಕಿದಷ್ಟು ಬಲ ಬೇರಿಂಗನ್ನು ಎಳೆಯುತ್ತದೆ. ಅದೂ ಸೆಕೆಂಡಿಗೆ 46 ಸಲ ದಿಕ್ಕು ಬದಲಿಸುತ್ತಾ. ಬೇರಿಂಗ್ ಎಷ್ಟು ದಿನ ತಡೆದೀತು? ಬ್ಲೇಡ್ ಸರಿಯಾಗುವವರೆಗೆ ದಯವಿಟ್ಟು ಆ ಮೆಷಿನ್ ಓಡಿಸಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಶ್ರೆಡ್ಡರ್ ಬ್ಲೇಡನ್ನು ಜನ ಮಚ್ಚಿನ ಹಾಗೆ ಮಸೆಯುತ್ತಾರೆ, ಎರಡೂ ಬದಿಯಿಂದ. ಕೆಡುವುದು ಅಲ್ಲೇ. ಇದು ಬಡಗಿಯ ಉಳಿ ಇದ್ದ ಹಾಗೆ. ಒಂದು ಬದಿ ಇಳಿಜಾರು, ಇನ್ನೊಂದು ಬದಿ ಪೂರ್ತಿ ಚಪ್ಪಟೆ. ಮಸೆಯಬೇಕಾದ್ದು ಇಳಿಜಾರಿನ ಬದಿ ಮಾತ್ರ. ಚಪ್ಪಟೆ ಬದಿಗೆ ಸ್ವಲ್ಪ ಓರೆಯಾಗಿ ಅರ ತಾಗಿಸಿದರೂ, ಎದುರು ಬ್ಲೇಡಿಗೂ (ಡಿಸ್ಕಿನ ಎದುರು ಕದಲದೆ ನಿಂತಿರುವ ಉಕ್ಕಿನ ಪಟ್ಟಿ) ಇದಕ್ಕೂ ನಡುವಿನ ಅಂತರ ಕೆಟ್ಟುಹೋಗುತ್ತದೆ. ಆಮೇಲೆ ಗರಿ ಕತ್ತರಿಸುವ ಬದಲು ಜಜ್ಜುತ್ತದೆ.

ಬಿಚ್ಚುವ ಮೊದಲು ಪ್ಲಗ್ ಕಿತ್ತು ನಿಮ್ಮ ಕಣ್ಣೆದುರೇ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋಗಿ ಬರುವುದು ನಿಮಗೆ ಗೊತ್ತೇ ಇದೆ. ಗರಿ ಸಿಕ್ಕಿಕೊಂಡಿರುವಾಗ ಕರೆಂಟ್ ಹೋಗುತ್ತದೆ. ಮೆಷಿನ್ ನಿಂತಿತಲ್ಲ ಎಂದು ಕೈ ಹಾಕಿ ಬಿಡಿಸಲು ಹೋಗುತ್ತೇವೆ. ಅಷ್ಟರಲ್ಲಿ ಕರೆಂಟ್ ಬಂದರೆ? ಕೆಲವು ಮೆಷಿನ್‌ಗಳು ಮತ್ತೆ ಸ್ವಿಚ್ ಒತ್ತುವವರೆಗೆ ತಿರುಗುವುದಿಲ್ಲ, ಎಲ್ಲವೂ ಹಾಗಲ್ಲ. ಮನೆಯಲ್ಲಿ ಈ ಮೆಷಿನ್ ಮುಟ್ಟುವ ಎಲ್ಲರಿಗೂ ಇದನ್ನು ಹೇಳಿ. ಪೆಟ್ರೋಲ್ ಎಂಜಿನ್ ಇರುವವರು ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಚ್ಚಿಡಬೇಕು. ಟ್ರ್ಯಾಕ್ಟರಿಗೆ ಜೋಡಿಸುವ ಶ್ರೆಡ್ಡರ್ ಆದರೆ ಟ್ರ್ಯಾಕ್ಟರ್ ಆಫ್ ಮಾಡಿ, ಕೀ ತೆಗೆದು, ಟ್ರ್ಯಾಕ್ಟರಿನಿಂದ ಮೆಷಿನ್ ತಿರುಗಿಸುವ ಪಿಟಿಒ ಶಾಫ್ಟನ್ನೇ ಕಳಚಬೇಕು.

ಮುಚ್ಚಳ ತೆಗೆದ ಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಇಳಿಜಾರು ಯಾವ ಕಡೆ ಮುಖ ಮಾಡಿದೆ, ಕೆಳಗೆ ತಗಡಿನ ಪಟ್ಟಿ ಇದೆಯೇ, ಯಾವ ಬ್ಲೇಡ್ ಯಾವ ಜಾಗದ್ದು ಎಲ್ಲ ಅದರಲ್ಲಿ ಕಾಣಬೇಕು. ಬ್ಲೇಡುಗಳ ಬೆನ್ನಿಗೂ ಡಿಸ್ಕಿಗೂ ಒಂದು ಚುಕ್ಕಿ, ಎರಡು ಚುಕ್ಕಿ ಅಂತ ಗುರುತು ಹಾಕಿ. ಡಿಸ್ಕ್ ತಿರುಗದಂತೆ ಒಂದು ಗಟ್ಟಿ ಮರದ ತುಂಡು ಸಿಕ್ಕಿಸಿ. ಬೋಲ್ಟ್ ಬಿಚ್ಚುವಾಗ ಸ್ಪ್ಯಾನರ್ ಜಾರಿದರೆ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡು ಬಲ ಹಾಕಿ. ದಪ್ಪ ಕೈಗವಸು ಇರಲಿ. ಒಂದು ಬ್ಲೇಡ್ ತಳ್ಳಿದರೆ ಇನ್ನೊಂದು ಸುತ್ತಿ ಬರುತ್ತದೆ, ಬೆರಳು ಮಧ್ಯೆ ಸಿಗಬಾರದು.

ಬಿಚ್ಚಿದ ಬ್ಲೇಡಿನ ಮೇಲೆ ಗರಿಯ ರಸ, ಬಾಳೆಯ ಕರೆ ಒಣಗಿ ಅಂಟಿರುತ್ತದೆ. ಸ್ವಲ್ಪ ಡೀಸೆಲ್ ಹಚ್ಚಿ ತಂತಿ ಬ್ರಷ್ಷಿನಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು ಒರೆಸಿ. ಎಷ್ಟೋ ಸಲ ಮೊಂಡಾಯಿತು ಅಂದುಕೊಂಡ ಬ್ಲೇಡ್ ಬರೀ ಕರೆ ಹಿಡಿದಿರುತ್ತದೆ. ನಂತರ ಬೋಲ್ಟ್ ತೂತಿನ ಸುತ್ತ ಬಿರುಕು ಇದೆಯೇ ಎಂದು ಪರೀಕ್ಷೆ ಮಾಡಿ. ಇದಕ್ಕೊಂದು ಹಳೆಯ ಉಪಾಯವಿದೆ. ಅಲ್ಲಿ ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣ ಬಳಿಯಿರಿ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೇಲೆ ಬಂದು ಸುಣ್ಣದಲ್ಲಿ ತೆಳು ಗೆರೆ ಕಾಣಿಸುತ್ತದೆ. ಗೆರೆ ಕಂಡರೆ ಆ ಜೊತೆಯನ್ನು ಗುಜರಿಗೆ ಹಾಕಿ, ಎರಡನ್ನೂ. ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡವೇ ಬೇಡ. ಬೆಸುಗೆಯ ಪಕ್ಕದ ಉಕ್ಕು ಗಾಜಿನ ಹಾಗೆ ಪೆಡಸಾಗುತ್ತದೆ. ಅಲಗಿನ ತುದಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ಮೆಷಿನ್ನಿನಲ್ಲಿ ಒಂದು ಚೂರು ಕಿತ್ತು ಹಾರಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಬಿರುಕಿಲ್ಲವಾ? ಸರಿ. ಬ್ಲೇಡಿಗೆ ಎರಡೂ ಅಂಚಲ್ಲಿ ಬಾಯಿ ಇದೆಯೇ ನೋಡಿ. ಸಣ್ಣ ಶ್ರೆಡ್ಡರ್‌ಗಳಲ್ಲಿ ಬಹಳ ಕಡೆ ಹಾಗಿರುತ್ತದೆ. ಒಂದು ಬಾಯಿ ಮೊಂಡಾದರೆ ತಿರುಗಿಸಿ ಹಾಕಿಕೊಳ್ಳಲಿ ಎಂದೇ ಹಾಗೆ ಮಾಡಿರುತ್ತಾರೆ. ನಿಮ್ಮದೂ ಹಾಗಿದ್ದು, ಇನ್ನೊಂದು ಬಾಯಿ ಇನ್ನೂ ಮುಟ್ಟದೆ ಉಳಿದಿದ್ದರೆ ಅದೃಷ್ಟ. ಎರಡು ಬ್ಲೇಡಿನ ತೂಕ ಸರಿಮಾಡಿ ತಿರುಗಿಸಿ ಹಾಕಿದರೆ ಮುಗಿಯಿತು.

ಇಲ್ಲವೆಂದರೆ ಅರ ತೆಗೆದುಕೊಳ್ಳಿ. 10 ಇಂಚಿನ ಚಪ್ಪಟೆ ಅರ ಎರಡು ಬೇಕು, ಒಂದು ಸೆಕೆಂಡ್ ಕಟ್ (ಮಧ್ಯಮ ಹಲ್ಲಿನದು), ಒಂದು ಸ್ಮೂತ್ (ನಯ ಹಲ್ಲಿನದು). ತುಮಕೂರಿನಲ್ಲಿ ಮಂಡಿಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ಹೀಗೇ ಹೆಸರು ಹೇಳಿ ಕೇಳಿ. ಒಳ್ಳೆ ಕಂಪನಿಯ ಹೊಸ ಅರವೇ ಇರಲಿ, ಸವೆದ ಅರ ಗಟ್ಟಿ ಉಕ್ಕಿನ ಮೇಲೆ ಸುಮ್ನೆ ಜಾರುತ್ತದೆ. ಇದರ ಜೊತೆ ಒಂದು ಎಣ್ಣೆ ಕಲ್ಲು, ಒಂದು ಬೆಂಚ್ ವೈಸ್. ವೈಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾಲಲ್ಲಿ ಒತ್ತಿ ಹಿಡಿದು ಅರ ಹಾಕುವವರನ್ನು ನೋಡಿದ್ದೇನೆ. ಕೋನವೂ ಬರುವುದಿಲ್ಲ, ಕಾಲೂ ಉಳಿಯುವುದಿಲ್ಲ.

ಅರ ಹಿಡಿದ ತಕ್ಷಣ ಬ್ಲೇಡಿನ ಜಾತಕ ತಿಳಿಯುತ್ತದೆ. ಮೊದಲು ನೀಲಿ ಇಲ್ಲದ ಜಾಗದಲ್ಲಿ, ಅಂದರೆ ಇಳಿಜಾರಿನ ಒಂದು ಕೊನೆಯಲ್ಲಿ, ಎರಡು ಸಲ ಎಳೆದು ಕೈಗೆ ಹೇಗೆ ಹಿಡಿಯುತ್ತದೆ ನೋಡಿ. ಬಳಿಕ ನೀಲಿ ಜಾಗದಲ್ಲಿ ಎಳೆಯಿರಿ. ಅಲ್ಲಿ ಅರ ಸಲೀಸಾಗಿ ಕಚ್ಚಿ ಪುಡಿ ಉದುರಿಸುತ್ತಿದ್ದರೆ ಅಷ್ಟು ಭಾಗ ಮೆತ್ತಗಾಗಿದೆ. ಆ ಮೆತ್ತನೆ ಉಕ್ಕು ಮುಗಿದು, ಮೊದಲಿನ ಬಿಗಿ ಕೈಗೆ ಸಿಗುವವರೆಗೆ ಸವೆಸಬೇಕು. ಒಂದು, ಒಂದೂವರೆ ಮಿಲಿಮೀಟರಿನಲ್ಲಿ ಗಟ್ಟಿ ಉಕ್ಕು ಸಿಕ್ಕರೆ ಬ್ಲೇಡ್ ಉಳಿಯಿತು. ಅದಕ್ಕಿಂತ ಆಳಕ್ಕೆ ಹೋಗಿದ್ದರೆ ಹೊಸ ಜೊತೆ ತನ್ನಿ. ಅಷ್ಟು ಸವೆಸಿದ ಬ್ಲೇಡ್ ಎದುರು ಬ್ಲೇಡಿಗೆ ಎಟುಕುವುದಿಲ್ಲ.

ಕೋನ ಎಷ್ಟಿರಬೇಕು? ಕಂಪನಿ ಕೊಟ್ಟಷ್ಟೇ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಒಳಗೆ ಇರುತ್ತದೆ. ವರ್ಕ್‌ಶಾಪಿನಲ್ಲಿ ಅದನ್ನು ಕೆಡಿಸಿದ್ದರೂ ಬ್ಲೇಡಿನ ಎರಡು ಕೊನೆಗಳಲ್ಲಿ, ಗರಿ ತಾಗದ ಅರ್ಧ ಇಂಚು ಜಾಗದಲ್ಲಿ, ಹಳೇ ಇಳಿಜಾರು ಉಳಿದಿರುವುದುಂಟು. ಅದನ್ನು ಅಳೆಯಲು ಕೋನಮಾಪಕವೇ ಬೇಕೆಂದಿಲ್ಲ, ಸ್ಕೇಲ್ ಸಾಕು. ಬ್ಲೇಡ್ 5 ಮಿಲಿಮೀಟರ್ ದಪ್ಪ ಇದೆ ಎಂದಿಟ್ಟುಕೊಳ್ಳಿ. ಇಳಿಜಾರಿನ ಅಗಲ 10 ಮಿಲಿಮೀಟರ್, ಅಂದರೆ ದಪ್ಪದ ಎರಡರಷ್ಟು ಇದ್ದರೆ ಅದು 30 ಡಿಗ್ರಿ. 8.7 ಇದ್ದರೆ 35. ಸುಮಾರು 7 ಇದ್ದರೆ 45. ಗುರುತೇ ಉಳಿದಿಲ್ಲವೆಂದರೆ ನಾನು 35 ಇಡುತ್ತೇನೆ. ಚೂಪಾಗಲಿ ಎಂದು 30ಕ್ಕಿಂತ ಕೆಳಗೆ ಇಳಿಸಬೇಡಿ. ತೆಂಗಿನ ಗರಿಯ ಬುಡ ಸಿಕ್ಕ ಕೂಡಲೇ ತೆಳು ಬಾಯಿ ಮುಕ್ಕಾಗುತ್ತದೆ.

ಬ್ಲೇಡನ್ನು ವೈಸಿಗೆ ಬಿಗಿದು, ಇಳಿಜಾರಿನ ಮೇಲೆಲ್ಲ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಅರದ ಹಲ್ಲಿಗೆ ಸೀಮೆಸುಣ್ಣ ಉಜ್ಜಿಕೊಳ್ಳಿ, ಉಕ್ಕಿನ ಪುಡಿ ಕಚ್ಚಿಕೊಳ್ಳುವುದಿಲ್ಲ. ಎರಡು ಕೈಯಲ್ಲೂ ಹಿಡಿದು ಮುಂದಕ್ಕೆ ತಳ್ಳಿ. ವಾಪಸ್ ತರುವಾಗ ಎತ್ತಿ ತನ್ನಿ. ಹಿಂದೆ ಮುಂದೆ ಉಜ್ಜಿದರೆ ಅರ ಕೆಡುತ್ತದೆ. ನಾಲ್ಕು ಸಲ ತಳ್ಳಿ ನೋಡಿ. ಕಪ್ಪು ಬಣ್ಣ ಇಳಿಜಾರಿನ ಪೂರ್ತಿ ಅಗಲಕ್ಕೂ ಸಮನಾಗಿ ಹೋಗುತ್ತಿದ್ದರೆ ಕೈ ಸರಿಯಿದೆ. ಬರೀ ಬಾಯಿಯ ಹತ್ತಿರ ಹೋಗುತ್ತಿದ್ದರೆ ಅರವನ್ನು ಸ್ವಲ್ಪ ಇಳಿಸಿ. ಬರೀ ಹಿಂದುಗಡೆ ಹೋಗುತ್ತಿದ್ದರೆ ಸ್ವಲ್ಪ ಎತ್ತಿ. ಮೊದಲ ಸಲ ಮಾಡುವವರು ಮೂರು ನಾಲ್ಕು ಬಾರಿ ಬಣ್ಣ ಹಚ್ಚಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟು ಸಲ ತಳ್ಳಿದಿರಿ ಎಂದು ಎಣಿಸಿಕೊಳ್ಳಿ. ಎರಡನೇ ಬ್ಲೇಡಿಗೂ ಅಷ್ಟೇ ಹಾಕಿದರೆ ಆಮೇಲೆ ತೂಕ ಸರಿಮಾಡುವ ಕೆಲಸ ಹಗುರವಾಗುತ್ತದೆ.

ಇಷ್ಟು ನಿಧಾನ ಯಾಕೆ ಅಂತ ಅನ್ನಿಸಬಹುದು. ಗ್ರೈಂಡರಿನಲ್ಲಿ ಐದು ನಿಮಿಷದ ಕೆಲಸ, ಅರದಲ್ಲಿ ಒಂದು ಗಂಟೆ. ಆದರೆ ಅರದಿಂದ ಬ್ಲೇಡ್ ಸುಡುವುದಿಲ್ಲ. ನನ್ನ ಮಟ್ಟಿಗೆ ಈ ಒಂದೇ ಕಾರಣ ಸಾಕು.

ಬಾಯಿಯ ಉದ್ದಕ್ಕೂ ಅರ ಮುಟ್ಟಿತು ಎಂದು ತಿಳಿಯುವುದು ಹೀಗೆ. ಚಪ್ಪಟೆ ಬದಿಯಲ್ಲಿ ಉಗುರನ್ನು ಅಲಗಿನ ಹೊರಗಡೆಗೆ ಮೆಲ್ಲಗೆ ಸರಿಸಿ. ತುದಿಯಲ್ಲಿ ಸಣ್ಣ ತಡೆ ಸಿಗುತ್ತದೆ. ಅದು ಹಿಂಬದಿಗೆ ಮಡಿಚಿಕೊಂಡ ತೆಳು ಉಕ್ಕು, ವರ್ಕ್‌ಶಾಪಿನಲ್ಲಿ ಬರ್ ಅನ್ನುತ್ತಾರೆ. ಈ ಕೊನೆಯಿಂದ ಆ ಕೊನೆವರೆಗೆ ಬರ್ ಬಂದಿದ್ದರೆ ಅರದ ಕೆಲಸ ಮುಗಿಯಿತು. ಈಗ ಎಣ್ಣೆ ಕಲ್ಲಿನ ಮೇಲೆ ಚಪ್ಪಟೆ ಬದಿಯನ್ನು ಪೂರ್ತಿ ಮಲಗಿಸಿ, ಒಂದು ಕೂದಲಿನಷ್ಟೂ ಎತ್ತದೆ, ಐದಾರು ಸಲ ಉಜ್ಜಿ. ಆಮೇಲೆ ಇಳಿಜಾರಿನ ಮೇಲೆ ಎರಡು ಸಲ ಕಲ್ಲು ಆಡಿಸಿ. ಬರ್ ಹೋಗುತ್ತದೆ. ಬಲ್ಬಿನ ಬೆಳಕಿಗೆ ಬಾಯಿಯನ್ನು ಹಿಡಿಯಿರಿ. ಮೊಂಡು ಉಳಿದ ಕಡೆ ಬಿಳಿ ಗೆರೆ ಮಿನುಗುತ್ತದೆ, ಚೂಪಾದ ಕಡೆ ಏನೂ ಕಾಣುವುದಿಲ್ಲ. ಗಡ್ಡ ಕೆರೆಯುವಷ್ಟು ನಯ ಮಾಡುವ ಅಗತ್ಯವಿಲ್ಲ.

ಕೆಲವು ಬ್ಲೇಡುಗಳ ಮೇಲೆ ಹೊಸ ಅರವೂ ಕಚ್ಚುವುದಿಲ್ಲ, ಅಷ್ಟು ಗಟ್ಟಿ. ಅವಕ್ಕೆ ಡೈಮಂಡ್ ಕಲ್ಲು ಬೇಕು. ದೊಡ್ಡ ಮುಕ್ಕು ತೆಗೆಯಲು ಗ್ರೈಂಡರೇ ಬೇಕೆಂದರೆ ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ಒಂದು ಕ್ಷಣ ತಾಗಿಸಿ ನೀರಿಗೆ ಅದ್ದಿ, ಮತ್ತೆ ತಾಗಿಸಿ. ಬಾಯಿಯ ಕೊನೇ ಅರ್ಧ ಮಿಲಿಮೀಟರನ್ನು ಅರಕ್ಕೇ ಬಿಡಿ. ಆಂಗಲ್ ಗ್ರೈಂಡರ್ ಆದರೆ ಫ್ಲಾಪ್ ಡಿಸ್ಕ್, ಅಂದರೆ ಉಜ್ಜು ಕಾಗದದ ಪಟ್ಟಿಗಳನ್ನು ಜೋಡಿಸಿದ ಚಕ್ರ, ಹಾಕಿ. ತೆಳು ಕಟಿಂಗ್ ಡಿಸ್ಕಿನ ಪಕ್ಕದಿಂದ ಯಾವತ್ತೂ ಉಜ್ಜಬೇಡಿ, ಅದು ಒಡೆದು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಬೇಕು. ಹೆಗಲ ಟವೆಲ್, ಸೆರಗು, ಸಡಿಲ ಕೈಗವಸು ತಿರುಗುವ ಚಕ್ರದ ಹತ್ತಿರ ಇರಬಾರದು. ಇನ್ನೊಂದು, ಒಣ ಗರಿ, ಕಾಯಿ ಸಿಪ್ಪೆ, ಕೊಬ್ಬರಿ ಇರುವ ಕಡೆ ಗ್ರೈಂಡರ್ ಹಚ್ಚಬೇಡಿ. ಕಿಡಿ ಎಲ್ಲೋ ಬಿದ್ದು ಒಳಗೊಳಗೇ ಹೊಗೆಯಾಡಿ ರಾತ್ರಿ ಹತ್ತಿಕೊಳ್ಳುತ್ತದೆ.

ಇನ್ನು ತೂಕ. ಮೊದಲು ಬೋಲ್ಟ್ ತೂತಿನಿಂದ ಬಾಯಿಗೆ ಎಷ್ಟು ದೂರ ಎಂದು ಎರಡೂ ಬ್ಲೇಡಿನಲ್ಲಿ ಅಳೆಯಿರಿ. ವರ್ನಿಯರ್ ಇದ್ದರೆ ಒಳ್ಳೆಯದು. ಒಂದು ಮುಂದೆ, ಒಂದು ಹಿಂದೆ ಇದ್ದರೆ ಮುಂದಿರುವುದೇ ಎಲ್ಲ ಕೆಲಸ ಮಾಡಿ ಬೇಗ ಸವೆಯುತ್ತದೆ. ಇದು ಸಮ ಬಂದ ಮೇಲೆ ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಒಂದು ಗ್ರಾಮಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇದ್ದರೆ ಭಾರದ ಬ್ಲೇಡಿನ ಬೆನ್ನನ್ನು ಸವೆಸಿ, ಬಾಯಿಯನ್ನಲ್ಲ. ಎರಡೂ ಅಂಚಲ್ಲಿ ಬಾಯಿ ಇರುವ ಬ್ಲೇಡಾದರೆ ಎರಡು ಕೊನೆಗಳಲ್ಲಿ ಸಮನಾಗಿ ಸವೆಸಿ. ನಿಮ್ಮ ಮೆಷಿನ್ ಅದುರುವುದು ಇಷ್ಟಕ್ಕೇ ನಿಲ್ಲುತ್ತದೆ ಎಂದುಕೊಂಡಿದ್ದೇನೆ. ನಿಲ್ಲದಿದ್ದರೆ ಬೇರಿಂಗ್ ಆಗಲೇ ಪೆಟ್ಟು ತಿಂದಿರಬಹುದು. ಡಿಸ್ಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇದೆಯೇ ನೋಡಿ.

ಈಗ ಎಲ್ಲರೂ ಮರೆಯುವ ಭಾಗಕ್ಕೆ ಬಂದೆ. ಡಿಸ್ಕಿನ ಬ್ಲೇಡ್ ಒಂದೇ ಗರಿ ಕತ್ತರಿಸುವುದಿಲ್ಲ. ಅದರ ಎದುರು ಕದಲದೆ ನಿಂತ ಇನ್ನೊಂದು ಉಕ್ಕಿನ ಪಟ್ಟಿ ಇದೆ, ಎದುರು ಬ್ಲೇಡ್. ಕತ್ತರಿಗೆ ಎರಡು ಅಲಗು ಇರುವ ಹಾಗೆ. ಒಂದು ಅಲಗು ಚೂಪಾಗಿದ್ದು ಇನ್ನೊಂದು ದುಂಡಗಾಗಿದ್ದರೆ ಕತ್ತರಿ ಬಟ್ಟೆಯನ್ನು ಮಡಿಚಿ ಬಿಡುತ್ತದೆ ಅಲ್ವಾ? ಇಲ್ಲೂ ಅದೇ ಕಥೆ. ಎದುರು ಬ್ಲೇಡಿನ ಮೂಲೆ ಕೈಗೆ ದುಂಡಗೆ ಸಿಕ್ಕರೆ ಅದನ್ನೂ ಬಿಚ್ಚಿ. ಅದಕ್ಕೆ ಉಳಿಯ ಇಳಿಜಾರು ಬೇಡ, ಇಟ್ಟಿಗೆಯ ಅಂಚಿನ ಹಾಗೆ ಚೌಕ ಮೂಲೆ ಬೇಕು. ಬಹಳ ಮೆಷಿನ್‌ಗಳಲ್ಲಿ ಅದನ್ನು ತಿರುಗಿಸಿ ಬೇರೆ ಮೂಲೆ ಉಪಯೋಗಿಸಬಹುದು. ಸಾಣೆಗೆ ಬ್ಲೇಡ್ ಮಾತ್ರ ಕೊಟ್ಟು ಕಳಿಸಿದವರ ಮೆಷಿನ್ ಸರಿಹೋಗದೆ ಇರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಎರಡರ ನಡುವಿನ ಅಂತರ ಮೆಷಿನ್ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಕಳೆದಿದ್ದರೆ 1.5ರಿಂದ 2 ಮಿಲಿಮೀಟರ್ ಇಡಿ. ಹ್ಯಾಕ್ಸಾ ಬ್ಲೇಡ್ ಒಂದರ ದಪ್ಪ ಸುಮಾರು 0.63 ಮಿಲಿಮೀಟರ್. ಮೂರನ್ನು ಜೋಡಿಸಿ ಬೆನ್ನಿನ ಕಡೆಯಿಂದ ತೂರಿಸಿದರೆ ಬಿಗಿಯಾಗಿ ಹೋಗಬೇಕು. ಡಿಸ್ಕನ್ನು ಮರದ ಕಡ್ಡಿಯಿಂದ ನಿಧಾನ ತಿರುಗಿಸಿ ಎರಡು ಬ್ಲೇಡಿಗೂ ನೋಡಿ, ಎಲ್ಲೂ ತಾಗಬಾರದು. ಮಸೆದಷ್ಟೂ ಬ್ಲೇಡ್ ಗಿಡ್ಡವಾಗುತ್ತದೆ, ಅಂತರ ದೊಡ್ಡದಾಗುತ್ತದೆ. ಅದಕ್ಕೆ ಪ್ರತಿ ಸಲವೂ ಇದನ್ನು ನೋಡಬೇಕು.

ಕೂರಿಸುವಾಗ ಬೋಲ್ಟ್ ತಲೆಯ ಮೇಲೆ ಮೊದಲು ಯಾವ ಅಂಕಿ ಇತ್ತೋ (8.8 ಎಂಬಂಥದ್ದು, ಅದು ಬೋಲ್ಟಿನ ಬಲದ ದರ್ಜೆ) ಅದೇ ಅಂಕಿಯದ್ದನ್ನು ಹಾಕಿ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಇದ್ದರೆ ಹೊಸದು ಹಾಕಿ. ಹತ್ತು ನಿಮಿಷ ಓಡಿಸಿ, ಪ್ಲಗ್ ಕಿತ್ತು, ಇನ್ನೊಮ್ಮೆ ಬಿಗಿ ನೋಡಿ. ಕೆಲವರು ಆಯುಧ ಪೂಜೆಗೆ ಮೆಷಿನ್ ತೊಳೆದಾಗ ಮಾತ್ರ ಬೋಲ್ಟ್ ಮುಟ್ಟುತ್ತಾರೆ. ವರ್ಷಕ್ಕೊಮ್ಮೆ ಸಾಲದು.

ಇನ್ನು ಮೊಂಡಾಗುವುದನ್ನೇ ಕಡಿಮೆ ಮಾಡುವ ದಾರಿ. ತೆಂಗು, ಅಡಿಕೆಯ ಗರಿಯೊಳಗೇ ಸಿಲಿಕಾ ಇರುತ್ತದೆ, ಮರಳಿನಲ್ಲಿರುವ ಅದೇ ವಸ್ತು. ಅದನ್ನು ತಪ್ಪಿಸಲು ಆಗದು. ಆದರೆ ಗರಿಗೆ ಮೆತ್ತಿದ ಮಣ್ಣನ್ನು ತಪ್ಪಿಸಬಹುದು. ಒಂದು ತೆಂಗಿನ ಮರ ವರ್ಷಕ್ಕೆ 12ರಿಂದ 14 ಗರಿ ಉದುರಿಸುತ್ತದೆ. ಬಿದ್ದ ಗರಿಯನ್ನು ನೆಲದ ಮೇಲೆ ಎಳೆದು ತಂದು, ಮಳೆಯಲ್ಲಿ ನೆನೆಸಿ, ತಿಂಗಳು ಬಿಟ್ಟು ಮೆಷಿನ್ನಿಗೆ ಕೊಟ್ಟರೆ ಅರ್ಧ ಗಾಡಿ ಮರಳನ್ನೂ ಜೊತೆಗೆ ಕೊಟ್ಟ ಹಾಗೆ. ಎತ್ತಿ ತನ್ನಿ. ಎರಡು ಸಲ ಜಾಡಿಸಿ. ಕಲ್ಲಿನ ಹಾಗಿರುವ ಬುಡದ ಅಗಲ ಭಾಗವನ್ನು ಮಚ್ಚಿನಲ್ಲಿ ಕಡಿದು ಬೇರೆ ಇಡಿ. ಅದು ಒಲೆಗೆ ಆಗುತ್ತದೆ. ಪೂರ್ತಿ ಒಣಗುವ ಮೊದಲೇ ಕತ್ತರಿಸಿದರೆ ಬ್ಲೇಡಿಗೆ ಸುಲಭ. ಬಾಳೆ ದಿಂಡನ್ನು ಮಾತ್ರ ಒಂದೇ ಕೊಡಬೇಡಿ, ನಾರು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಗರಿಯ ಜೊತೆ ಬೆರೆಸಿ ಕೊಡಿ.

ಎಷ್ಟು ಗಂಟೆಗೊಮ್ಮೆ ಮಸೆಯಬೇಕು ಎಂದು ಕೇಳುವವರಿಗೆ ನಾನು ಗಂಟೆ ಹೇಳುವುದಿಲ್ಲ. ಮೆಷಿನ್ ತಾನಾಗಿ ಗರಿಯನ್ನು ಎಳೆದುಕೊಳ್ಳುವುದು ಬಿಟ್ಟು ನೀವು ತಳ್ಳಬೇಕಾಗಿ ಬಂದರೆ ಅದೇ ಸಮಯ. ಆಗಲೇ ಬಿಚ್ಚಿದರೆ ಅರದಲ್ಲಿ ಹತ್ತು ಸಲ ಎಳೆದರೆ ಸಾಕು. ಹಾಗೇ ಓಡಿಸಿದರೆ ಮೋಟರ್ ಬಿಸಿಯಾಗುತ್ತದೆ. ವೋಲ್ಟೇಜ್ ಕಡಿಮೆ ಇರುವ ಸಂಜೆ ಹೊತ್ತಲ್ಲಂತೂ ಮೊಂಡು ಬ್ಲೇಡ್ ಮೋಟರಿನ ವೈಂಡಿಂಗನ್ನೇ ಸುಡುತ್ತದೆ.

ನಿಮ್ಮ ಹಾಗೆ ಡಿಸ್ಕ್ ಬ್ಲೇಡ್ ಅಲ್ಲದೆ, ತೂಗಾಡುವ ಸುತ್ತಿಗೆಯಂಥ ಪಟ್ಟಿಗಳಿರುವ ಮೆಷಿನ್ ಇರುವವರಿಗೆ ಒಂದು ಮಾತು. ಅವು ಹೊಡೆದು ಪುಡಿ ಮಾಡುತ್ತವೆ, ಕತ್ತರಿಸುವುದಿಲ್ಲ. ಅವನ್ನು ಚೂಪು ಮಾಡಬೇಡಿ. ಮೂಲೆ ಸವೆದರೆ ತಿರುಗಿಸಿ ಹಾಕಿ.

ಎಲ್ಲ ಕೂರಿಸಿದ ಮೇಲೆ ಒಂದೇ ಒಂದು ಗರಿ ಕೊಟ್ಟು, ಹೊರಗೆ ಬಿದ್ದ ಚೂರನ್ನು ಕೈಗೆ ತೆಗೆದುಕೊಂಡು ನೋಡಿ. ಎರಡು ತುದಿಯೂ ಚಾಕುವಿನಲ್ಲಿ ಕೊಯ್ದ ಹಾಗೆ ನೀಟಾಗಿದ್ದರೆ ಬುಟ್ಟಿ ತುಂಬಿಸಿಕೊಂಡು ಮರದ ಬುಡಕ್ಕೆ ಹೊರಡಿ. ಉದ್ದ ನಾರು ನಾರಾಗಿ ಜಜ್ಜಿಕೊಂಡು ಬಂದರೆ ಡಿಸ್ಕಿನ ಬ್ಲೇಡನ್ನು ಮತ್ತೆ ಮಸೆಯಲು ಹೋಗಬೇಡಿ. ಎದುರು ಬ್ಲೇಡಿನ ಮೂಲೆ ಮತ್ತು ಆ ಎರಡು ಮಿಲಿಮೀಟರ್ ಅಂತರವನ್ನು ಇನ್ನೊಮ್ಮೆ ನೋಡಿ.